ಕಿರುಚುವ ಕೋಳಿಮರಿಯನ್ನು ಸುಮ್ಮನಾಗಿಸುವುದು ಹೇಗೆ?

ಕೋಳಿಮರಿ ಸಾಕಲು ಹೊರಟವರಲ್ಲಿ ಬಹುಪಾಲು ಮಂದಿ ಎಡವುವುದು ಮೊದಲ ರಾತ್ರಿಯೇ. ರಟ್ಟಿನ ಪೆಟ್ಟಿಗೆ, ಮೇಲೊಂದು ಬಲ್ಬು, ಒಳಗೆ ಒಂದೋ ಎರಡೋ ಮರಿ. ರಾತ್ರಿಯಿಡೀ ಕಿರುಚಾಟ. ಬೆಳಗಾದರೆ ಯಾರೋ ಹೇಳಿದರೆಂದು ಟಾನಿಕ್ ಬಾಟಲಿ ಮನೆಗೆ ಬರುತ್ತದೆ. ಮರಿಯನ್ನು ಶಾಂತಗೊಳಿಸುವ ಮದ್ದು ಅದರ ಮಿದುಳಿನಲ್ಲೇ ಇರುತ್ತದೆ. ಅದು ಕೆಲಸ ಮಾಡುವಂತಹ ವಾತಾವರಣ ಒದಗಿಸುವುದಷ್ಟೇ ಸಾಕುವವರ ಪಾಲಿನ ಕೆಲಸ.

ಮರಿ ಗುಂಪಿನಿಂದ ಬೇರೆಯಾದ ಕೂಡಲೇ ಅದರ ಮಿದುಳಿನ ಹೈಪೋಥಲಾಮಸ್ ಭಾಗದಲ್ಲಿ ಸಿ.ಆರ್.ಎಫ್. ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿಯ ಸಂದೇಶದಿಂದ ಅಡ್ರಿನಲ್ ಗ್ರಂಥಿ ರಕ್ತಕ್ಕೆ ಕಾರ್ಟಿಕೋಸ್ಟೆರೋನ್ ಸುರಿಸುತ್ತದೆ. ನಮ್ಮಲ್ಲಿ ಕಾರ್ಟಿಸೋಲ್ ಮಾಡುವ ಕೆಲಸವನ್ನು ಹಕ್ಕಿಗಳಲ್ಲಿ ಮಾಡುವುದು ಇದೇ. ಇದಕ್ಕೆದುರಾಗಿ ತಡೆಯೊಡ್ಡುವ ರಾಸಾಯನಿಕಗಳೂ ಮಿದುಳಿನಲ್ಲಿವೆ. ನರಕೋಶಗಳ ಉದ್ರೇಕ ತಗ್ಗಿಸುವ ಗಾಬಾ ಒಂದು. ಅಫೀಮಿನಂತೆ ನೋವು, ಕಳವಳಗಳನ್ನು ಇಳಿಸುವ ಎಂಡಾರ್ಫಿನ್‌ಗಳು ಇನ್ನೊಂದು.

ಮೊದಲ ಹೆಜ್ಜೆ: ಕೊಳ್ಳುವಾಗ
ಕನಿಷ್ಠ ಐದಾರು ಮರಿ ತನ್ನಿ. ಒಂಟಿ ಮರಿ ಬೇಡವೇ ಬೇಡ. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳನ್ನು ಮಕ್ಕಳು ಎಷ್ಟೇ ಹಟ ಹಿಡಿದರೂ ಮುಟ್ಟಬೇಡಿ. ಬಣ್ಣದಲ್ಲಿ ಅದ್ದಿ, ಬಿಸಿಲಲ್ಲಿಟ್ಟು, ನೂರು ಕೈ ದಾಟಿಸಿದ ಮರಿ ನಿಮ್ಮ ಮನೆಗೆ ಬರುವ ಹೊತ್ತಿಗೆ ಅರ್ಧ ಸೋತಿರುತ್ತದೆ.

ಎರಡನೆಯ ಹೆಜ್ಜೆ: ಕಾವು
ಮರಿ ಬರುವ ಮುನ್ನವೇ ಪೆಟ್ಟಿಗೆ ಬೆಚ್ಚಗಾಗಿರಬೇಕು. ಎರಡು ಅಂಗುಲ ಭತ್ತದ ಹೊಟ್ಟು, ಅದರ ಮೇಲೆ ಗೋಣಿ ತಾಟು. ಬರೀ ಪತ್ರಿಕೆ ಹಾಸಿದರೆ ಕಾಲು ಜಾರಿ ಅಗಲವಾಗುತ್ತವೆ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಎಲ್‌ಇಡಿ ಬಲ್ಬು ತೂಗುಹಾಕಿ ‘ದೀಪ ಇದೆಯಲ್ಲ’ ಎನ್ನುವವರು ಈಗ ಹೆಚ್ಚಾಗಿದ್ದಾರೆ. ಅದರಲ್ಲಿ ಬೆಳಕಿದೆ, ಕಾವಿಲ್ಲ. ಹಳೆಯ ತಂತಿಯ ಬಲ್ಬು ಅಥವಾ ಕೆಂಪು ಇನ್‌ಫ್ರಾರೆಡ್ ಬಲ್ಬನ್ನೇ ಹುಡುಕಿ ತನ್ನಿ. ಬಲ್ಬಿನಡಿ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಬಾಯಿ ತೆರೆದು ಮೂಲೆ ಸೇರಿದ್ದರೆ ಸೆಕೆ, ಅಲ್ಲಲ್ಲಿ ಹರಡಿ ಮಲಗಿದ್ದರೆ ಸರಿ. ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ.

ಮೂರನೆಯ ಹೆಜ್ಜೆ: ನೀರು ಮೊದಲು, ಮೇವು ಆಮೇಲೆ
ಪ್ರತಿ ಮರಿಯ ಕೊಕ್ಕನ್ನೂ ಒಮ್ಮೆ ನೀರಿಗೆ ತಾಗಿಸಿ. ಮೊದಲ ದಿನ ಬೆಲ್ಲದ ನೀರು ಸಾಕು.

ನಾಲ್ಕನೆಯ ಹೆಜ್ಜೆ: ಬೇರೆಯಿಟ್ಟ ಮರಿ
ಕೆಲಸ ಕೆಡುವುದೇ ಇಲ್ಲಿ. ಕುಂಟುವ ಮರಿಯನ್ನೋ ಉಳಿದವು ಕುಕ್ಕುವ ಮರಿಯನ್ನೋ ಬೇರೆ ಡಬ್ಬಿಗೆ ಹಾಕಿ ಅಡುಗೆಮನೆಯ ಮೂಲೆಯಲ್ಲಿಡುತ್ತಾರೆ. ಗಾಯ ಮಾಗುವ ಮೊದಲೇ ಅದು ಒಂಟಿತನಕ್ಕೆ ಬಳಲುತ್ತದೆ.

ಮೊದಲು ಕೂಗನ್ನು ಗುರುತಿಸಲು ಕಲಿಯಿರಿ. ನೆಮ್ಮದಿಯ ಮರಿ ಮೆಲ್ಲಗೆ, ತುಂಡು ತುಂಡಾಗಿ, ಸ್ವರ ಮೇಲೇರಿಸುತ್ತ ಗುನುಗುತ್ತದೆ. ಕಳವಳದ ಕೂಗು ಜೋರು. ಪ್ರತಿ ಸಲವೂ ಎತ್ತರದಿಂದ ಕೆಳಕ್ಕೆ ಇಳಿಯುತ್ತದೆ, ಬಿಡುವಿಲ್ಲದೆ ಬರುತ್ತದೆ.

ಬೇರೆಯಿಡಲೇಬೇಕಿದ್ದರೆ ಅದೇ ಪೆಟ್ಟಿಗೆಯೊಳಗೆ ತಂತಿಬಲೆಯ ತಡಿಕೆ ನಿಲ್ಲಿಸಿ. ಉಳಿದ ಮರಿಗಳು ಕಾಣಬೇಕು, ಕೇಳಬೇಕು. ಕುಕ್ಕಲು ಮಾತ್ರ ಸಿಗಬಾರದು. ಹರಡುವ ರೋಗದ ಅನುಮಾನವಿದ್ದರೆ ತಡಿಕೆ ಸಾಲದು, ಬೇರೆ ಕೋಣೆಯೇ ಬೇಕು. ಆಗ ಡಬ್ಬಿಯೊಳಗೆ ಚಿಕ್ಕ ಕನ್ನಡಿ ನಿಲ್ಲಿಸಿ. ಒಂಟಿ ಮರಿ ತನ್ನ ಬಿಂಬವನ್ನೇ ಜೊತೆಗಾರನೆಂದು ನಂಬುತ್ತದೆ, ಕೂಗು ತಗ್ಗುತ್ತದೆ.

ಇನ್ನೂ ಕಿರುಚುತ್ತಿದ್ದರೆ ಕೈಯಲ್ಲಿ ಹಿಡಿಯಿರಿ. ಕೈ ಮೇಲಿನಿಂದ ಇಳಿಯಬಾರದು. ಮರಿಯ ಪಾಲಿಗೆ ಮೇಲಿನಿಂದ ಬರುವುದು ಹದ್ದು. ನೆಲಮಟ್ಟದಲ್ಲಿ ಪಕ್ಕದಿಂದ ಬೆರಳು ಚಾಚಿ, ಅಂಗೈಯ ಮೇಲೆ ಹತ್ತಿಸಿಕೊಂಡು, ಇನ್ನೊಂದು ಅಂಗೈಯಿಂದ ಬೆನ್ನು ಮುಚ್ಚಿ. ತಲೆ ಹೊರಗಿರಲಿ. ಎದೆಯನ್ನು ಒತ್ತಲೇಬೇಡಿ: ಹಕ್ಕಿಗಳಿಗೆ ನಮ್ಮಂತೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಮೂಳೆ ಅಲ್ಲಾಡಿದರೆ ಮಾತ್ರ ಉಸಿರು. ಮುದ್ದಿನಿಂದ ಬಿಗಿಯಾಗಿ ಅಪ್ಪಿದ ಮಗುವಿನ ಕೈಯಲ್ಲೇ ಮರಿ ಉಸಿರುಗಟ್ಟುವುದು ಹೀಗೆ. ಅಲ್ಲಾಡದೆ ಕುಳಿತಿರಿ. ಮೊದಲು ಕೂಗು ನಿಲ್ಲುತ್ತದೆ, ಆಮೇಲೆ ರೆಪ್ಪೆ ಭಾರವಾಗುತ್ತದೆ, ಕೊನೆಗೆ ಕೊಕ್ಕು ನಿಮ್ಮ ಬೆರಳಿಗೆ ಒರಗುತ್ತದೆ.

ಇದನ್ನು ಅಮೆರಿಕದ ಓಹಾಯೋದಲ್ಲಿ ನರವಿಜ್ಞಾನಿ ಜಾಕ್ ಪ್ಯಾಂಕ್‌ಸೆಪ್ ಮತ್ತು ಸಂಗಡಿಗರು 1980ರಲ್ಲೇ ಪರೀಕ್ಷಿಸಿದ್ದರು. ಮಿದುಳಿನ ಎಂಡಾರ್ಫಿನ್‌ಗಳಿಗೆ ಅಡ್ಡಗಟ್ಟುವ ಔಷಧ ಕೊಟ್ಟ ಮರಿಗಳು ಅಂಗೈಯಲ್ಲಿ ಕಣ್ಣು ಮುಚ್ಚಲು ಹೆಚ್ಚು ಹೊತ್ತು ತೆಗೆದುಕೊಂಡವು. ಅಂದರೆ ಕೈಯ ಹಿಡಿತವೇ ಆ ರಾಸಾಯನಿಕಗಳಿಗೆ ಕೀಲಿ. ಕಣ್ಣು ಮುಚ್ಚಿತೆಂದು ತಟ್ಟನೆ ಕೆಳಗಿಳಿಸಬೇಡಿ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕೈಯಿಂದ ಕೈಗೆ ದಾಟಿಸುವುದಂತೂ ಶುದ್ಧ ತಪ್ಪು.

ಗಾಯ ಮಾಗಿದ ಮೇಲೆ ಗುಂಪಿಗೆ ಸೇರಿಸುವುದು ಸಂಜೆ, ಮಬ್ಬು ಬೆಳಕಿನಲ್ಲಿ. ಮಲಗಿದ ಮರಿಗಳ ನಡುವೆ ಮೆಲ್ಲನೆ ತೂರಿಸಿಬಿಡಿ. ಹಗಲು ಹೊತ್ತು ಎತ್ತಿ ಹಾಕಿದರೆ ಎಲ್ಲವೂ ಸೇರಿ ಕುಕ್ಕುತ್ತವೆ.

ಟಾನಿಕ್ ಬಗ್ಗೆ
‘ಅಮೈನೋ ಆಮ್ಲಯುಕ್ತ, ಒತ್ತಡ ನಿವಾರಕ’ ಎಂದು ಬರೆದ ಬಾಟಲಿಗಳಿಗೆ ಒಳ್ಳೆಯ ಮಾರುಕಟ್ಟೆ ಇದೆ. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದಲ್ಲಿ ಮಿತ್ಸುಹಿರೊ ಫುರುಸೆ ಅವರ ತಂಡ, ಗುಂಪಿನಿಂದ ಬೇರ್ಪಡಿಸಿದ ಎಳೆಮರಿಗಳಿಗೆ ಸೆರೀನ್ ಎಂಬ ಅಮೈನೋ ಆಮ್ಲ ಕೊಟ್ಟು ನೋಡಿದ್ದು ನಿಜ. ಮರಿಗಳು ಕೂಗು ನಿಲ್ಲಿಸಿ, ತಲೆ ಬಾಗಿಸಿ ನಿದ್ದೆಯ ಭಂಗಿಗೆ ಜಾರಿದವು. ಅದರ ಪರಿಣಾಮ ಗಾಬಾ ಗ್ರಾಹಕಗಳ ಮೂಲಕವೆಂದು 2008ರ ವರದಿ ಹೇಳಿತು. ಆದರೆ ಅದನ್ನು ಕೊಟ್ಟದ್ದು ಸೂಜಿಯ ಮೂಲಕ ನೇರವಾಗಿ ಮಿದುಳಿಗೆ. ನೀರಿಗೆ ಬೆರೆಸಿದ ಒಂದು ಚಮಚ ಟಾನಿಕ್ ಅದೇ ಕೆಲಸ ಮಾಡುತ್ತದೆ ಎನ್ನಲು ಈ ಪ್ರಯೋಗ ಆಧಾರವಾಗುವುದಿಲ್ಲ. ಆ ದುಡ್ಡಿಗೆ ಎಳೆಮರಿಗಳಿಗೆಂದೇ ಮಾಡಿದ ಒಳ್ಳೆಯ ಸ್ಟಾರ್ಟರ್ ಮೇವು ಕೊಳ್ಳಿ.

ಕೊನೆಯ ಹೆಜ್ಜೆ: ಬಲ್ಬು ಬಿಡಿಸುವುದು
ನಾಲ್ಕೈದು ವಾರಕ್ಕೆ ಪುಕ್ಕ ತುಂಬುತ್ತದೆ. ಮೊದಲು ಹಗಲು ಬಲ್ಬು ಆರಿಸಿ, ಕೆಲವು ದಿನ ಬಿಟ್ಟು ರಾತ್ರಿಯದನ್ನೂ. ಮಳೆ ಹಿಡಿದಿದ್ದರೆ ಒಂದು ವಾರ ಮುಂದೂಡಿ.