ಮಗುವಿಗೆ ಎಪಿಎಲ್ ಎಂಬ ಅನುಮಾನ ಬಂದಾಗ: ಪತ್ತೆ ಹೇಗೆ, ಚಿಕಿತ್ಸೆ ಹೇಗೆ?

ಅಕ್ಯೂಟ್ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ, ಅಂದರೆ ಎಪಿಎಲ್, ಮಕ್ಕಳಲ್ಲಿ ಅಪರೂಪದ ರಕ್ತ ಕ್ಯಾನ್ಸರ್. ಚಿಕಿತ್ಸೆ ಸಿಕ್ಕ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಜೀವ ಹೋಗುವುದಾದರೆ ಹೆಚ್ಚಾಗಿ ಮೊದಲ ಕೆಲವೇ ದಿನಗಳಲ್ಲಿ, ಮಿದುಳಿನಲ್ಲೋ ಶ್ವಾಸಕೋಶದಲ್ಲೋ ಆಗುವ ರಕ್ತಸ್ರಾವದಿಂದ.

ಮೊದಲ ಹೆಜ್ಜೆ ಅನುಮಾನಿಸುವುದು. ಮೂಗಿನಿಂದ ಅಥವಾ ಒಸಡಿನಿಂದ ನಿಲ್ಲದ ರಕ್ತ, ಪೆಟ್ಟಾಗದಿದ್ದರೂ ಮೈಮೇಲೆ ಮೂಡುವ ನೀಲಿ ಕಲೆಗಳು, ಜ್ವರ, ಬಿಳಿಚಿಕೊಂಡ ಮುಖ ಇದರ ಲಕ್ಷಣಗಳು. ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಇಳಿದರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಬರುವುದು ಡೆಂಗಿ, ಮತ್ತು ಎರಡೂ ಕಾಯಿಲೆಗಳಲ್ಲಿ ಬಿಳಿ ರಕ್ತಕಣ ಕಡಿಮೆಯಾಗಬಹುದಾದ್ದರಿಂದ ಆ ಗೊಂದಲ ಸಹಜವೇ. ಆದರೆ ಹಿಮೋಗ್ಲೋಬಿನ್ ಕೂಡ ಕುಸಿದಿದ್ದರೆ ರಕ್ತದ ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತದ ಹನಿ) ಅನ್ನು ಅನುಭವಿ ಪೆಥಾಲಜಿಸ್ಟ್ ಅಂದೇ ನೋಡಬೇಕು. ದಟ್ಟ ಕಣಿಕೆಗಳು ತುಂಬಿದ ಕೋಶಗಳೂ, ಕೆಲವದರೊಳಗೆ ಸೌದೆ ಹೊರೆಯಂತೆ ಒತ್ತೊತ್ತಾಗಿ ಬಿದ್ದ ಔವರ್ ಕಡ್ಡಿಗಳೆಂಬ ಸೂಜಿಯಂಥ ರಚನೆಗಳೂ ಕಂಡರೆ ಎಪಿಎಲ್ ಎಂದೇ ಭಾವಿಸಿ ಮುಂದುವರಿಯಬೇಕು. ರಕ್ತ ಹೆಪ್ಪುಗಟ್ಟುವಿಕೆಯ ಪಿಟಿ, ಎಪಿಟಿಟಿ, ಫೈಬ್ರಿನೋಜೆನ್, ಡಿ-ಡೈಮರ್ ಪರೀಕ್ಷೆಗಳನ್ನು ಜೊತೆಯಲ್ಲೇ ಮಾಡಿಸಬೇಕು.

ಎರಡನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಜೀನ್ ವರದಿಗೆ ಕಾಯದೆ ಅದೇ ದಿನ ಈ ಕಾಯಿಲೆಯ ಮುಖ್ಯ ಔಷಧಿಯಾದ ಎಟಿಆರ್‌ಎ ಕ್ಯಾಪ್ಸೂಲ್ ಶುರುಮಾಡುವುದು. ಅನುಮಾನ ಸುಳ್ಳಾದರೆ ಔಷಧಿ ನಿಲ್ಲಿಸಬಹುದು, ಕಳೆದ ದಿನವನ್ನು ಮರಳಿ ತರಲಾಗದು. ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜೆನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಬೀಳದಂತೆ ಪ್ಲೇಟ್‌ಲೆಟ್, ಫೈಬ್ರಿನೋಜೆನ್ ಹೆಚ್ಚಿರುವ ರಕ್ತದ ಅಂಶವಾದ ಕ್ರಯೋಪ್ರೆಸಿಪಿಟೇಟ್ ಏರಿಸುತ್ತಿರಬೇಕು. ಬೆನ್ನುಹುರಿ ನೀರು ತೆಗೆಯುವುದು, ಸ್ನಾಯುವಿಗೆ ಚುಚ್ಚುಮದ್ದು, ಆಸ್ಪಿರಿನ್, ಐಬುಪ್ರೊಫೇನ್ ಈ ಹಂತದಲ್ಲಿ ಬೇಡ.

ಖಚಿತಪಡಿಸುವ ಪರೀಕ್ಷೆ ಆಮೇಲಿನದು. 15 ಮತ್ತು 17ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಹುಟ್ಟುವ ಪಿಎಂಎಲ್-ಆರ್‌ಎಆರ್‌ಎ ಜೀನ್ ಅನ್ನು ಫಿಶ್ ಅಥವಾ ಪಿಸಿಆರ್ ಪರೀಕ್ಷೆ ತೋರಿಸುತ್ತದೆ. ಇದರಿಂದ ಬೆಳವಣಿಗೆ ನಿಂತ ಕೋಶಗಳನ್ನು ವಿಟಮಿನ್ ಎ ಸಂಬಂಧಿಯಾದ ಎಟಿಆರ್‌ಎ ಬಲಿಯುವಂತೆ ಮಾಡುತ್ತದೆ. 1985ರಲ್ಲಿ ಶಾಂಘೈನಲ್ಲಿ ವೈದ್ಯ ವಾಂಗ್ ಝೆನ್‌ಯಿ ಇದನ್ನು ಮೊದಲು ಕೊಟ್ಟದ್ದು ಐದು ವರ್ಷದ ಬಾಲಕಿಗೆ.

ಎಟಿಆರ್‌ಎಯೊಡನೆ ಆರ್ಸೆನಿಕ್ ಟ್ರೈಆಕ್ಸೈಡ್ ಅನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಪಾಷಾಣವೆಂದು ಪಾಲಕರು ಬೆಚ್ಚುವುದುಂಟು. ಆದರೆ ಈ ಔಷಧಿಯೊಂದರಿಂದಲೇ ಕಾಯಿಲೆ ಗುಣಪಡಿಸಬಹುದೆಂದು ವೆಲ್ಲೂರಿನ ಸಿಎಂಸಿ ವೈದ್ಯರು ತೋರಿಸಿದ್ದಾರೆ. ಚಿಕಿತ್ಸೆ ನಡೆಯುವಾಗ ಇಸಿಜಿ, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡುತ್ತಿರಬೇಕು. ಬಿಳಿ ರಕ್ತಕಣ ಮೈಕ್ರೋಲೀಟರಿಗೆ 10,000 ದಾಟಿದ್ದರೆ ಆರಂಭದಲ್ಲಿ ಕಿಮೋಥೆರಪಿಯೂ ಸೇರುತ್ತದೆ.

ವಾರ್ಡಿನಲ್ಲಿ ತಾಯಿತಂದೆ ಗಮನಿಸಬೇಕಾದದ್ದು ಇದು: ತೂಕ ದಿಢೀರ್ ಏರಿದರೆ, ಉಸಿರು ಕಟ್ಟಿದರೆ, ಜ್ವರ ಬಂದರೆ ತಕ್ಷಣ ಹೇಳಿ; ಅದು ಈ ಔಷಧಿಗಳಿಂದ ಆಗುವ ಅಪಾಯಕಾರಿ ಪ್ರತಿಕ್ರಿಯೆಯಾದ ಡಿಫರೆನ್ಸಿಯೇಶನ್ ಸಿಂಡ್ರೋಮ್ ಇರಬಹುದು, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ತಡಮಾಡದೆ ಬೇಕಾಗುತ್ತದೆ. ತಲೆನೋವು, ಕಣ್ಣು ಮಂಜಾಗುವುದು ಎಟಿಆರ್‌ಎಯಿಂದ ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿದ ಸೂಚನೆಯಾಗಿರಬಹುದು. ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಹೆಚ್ಚು.

ಕಾಯಿಲೆ ಹತೋಟಿಗೆ ಬಂದ ಮೇಲೂ ಸುತ್ತುಗಳಾಗಿ ಚಿಕಿತ್ಸೆ ಹಲವು ತಿಂಗಳು ಸಾಗುತ್ತದೆ. ಅದು ಮುಗಿದಾಗ ಅಸ್ಥಿಮಜ್ಜೆಯ ಪಿಸಿಆರ್ ಪರೀಕ್ಷೆಯಲ್ಲಿ ಆ ಜೀನ್ ಕಾಣದಿರಬೇಕು. ಕಂಡರೆ ವೈದ್ಯರು ಪರೀಕ್ಷೆಯನ್ನು ಮತ್ತೆ ಮಾಡಿಸಿ, ಖಚಿತವಾದರೆ ಮುಂದಿನ ಚಿಕಿತ್ಸೆ ಯೋಜಿಸುತ್ತಾರೆ.