ಎಚ್-4 ಕುಟುಂಬದ ಕಾಗದಪತ್ರ: ಮನೆಯಲ್ಲಿ ನಾಲ್ವರಿದ್ದರೆ ತಾರೀಖೂ ನಾಲ್ಕು

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರ ಮನೆಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಕೆಲಸದ ವೀಸಾ ಎಚ್-1ಬಿ, ಉಳಿದವರಿಗೆ ಅವರ ಸಂಗಾತಿ ಮಕ್ಕಳ ವೀಸಾ ಎಚ್-4. ಎಚ್-1ಬಿ ಇರುವವರ ಅರ್ಜಿಯನ್ನು ಕಂಪನಿಯ ವಕೀಲರು ನೋಡಿಕೊಳ್ಳುತ್ತಾರೆ. ಅದರ ಜೊತೆಗೇ ಸಂಗಾತಿಯದು, ಮಕ್ಕಳದು ತಾನಾಗಿ ಮುಂದಕ್ಕೆ ಹೋಗುತ್ತದೆ ಎಂದು ನಂಬಿ ಕೂತವರೇ ಹೆಚ್ಚು ಸಿಕ್ಕಿಬೀಳುವುದು. ಇಲ್ಲಿ ಕುಟುಂಬಕ್ಕೆ ಒಂದೇ ಗಡುವು ಎಂಬುದಿಲ್ಲ, ತಲೆಗೊಂದು ಗಡುವು.

ವೀಸಾ ಅಲ್ಲ, ಐ-94 ನೋಡಿ

ಪಾಸ್‌ಪೋರ್ಟಿನಲ್ಲಿರುವ ವೀಸಾ ಒಳಗೆ ಬರುವುದಕ್ಕೆ ಮಾತ್ರ. ಬಂದ ಮೇಲೆ ಎಷ್ಟು ದಿನ ಇರಬಹುದು ಎಂದು ಹೇಳುವುದು ಐ-94. ವಿಮಾನದಲ್ಲಿ ಬಂದವರು ಅದನ್ನು ಅಮೆರಿಕದ ಗಡಿ ಇಲಾಖೆ ಸಿಬಿಪಿಯ ಐ-94 ವೆಬ್‌ಸೈಟಿನಿಂದ ತಾವೇ ಇಳಿಸಿಕೊಳ್ಳಬೇಕು. ಬಂದ ಮೊದಲ ವಾರದಲ್ಲೇ ಮನೆಯ ಪ್ರತಿಯೊಬ್ಬರದನ್ನೂ ಬೇರೆಬೇರೆಯಾಗಿ ತೆಗೆದು ಮೂರು ವಿಷಯ ನೋಡಿ: ಹೆಸರು ಪಾಸ್‌ಪೋರ್ಟಿನಂತೆಯೇ ಇದೆಯೇ, ಸಂಗಾತಿ ಮಕ್ಕಳ ವರ್ಗ ಎಚ್-4 ಎಂದೇ ಇದೆಯೇ, ಕೊನೆಯ ತಾರೀಖು ಯಾವುದು. ಅಮೆರಿಕದವರು ತಿಂಗಳು ಮೊದಲು, ದಿನ ಆಮೇಲೆ ಬರೆಯುತ್ತಾರೆ. ಅವರ 03/04 ಮಾರ್ಚ್ 4, ನಾವು ಓದುವ ಏಪ್ರಿಲ್ 3 ಅಲ್ಲ.

ಹೆಚ್ಚಿನವರು ಎಡವುವುದು ಮಗುವಿನ ತಾರೀಖಿನಲ್ಲಿ. ನಮ್ಮ ದೇಶದಲ್ಲಿ ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೆ ಕೊಡುತ್ತಾರೆ. ಪಾಸ್‌ಪೋರ್ಟ್ ಮುಗಿಯುವ ದಿನ ಎಚ್-1ಬಿ ಅವಧಿಗಿಂತ ಮೊದಲೇ ಬಂದರೆ, ವಿಮಾನ ನಿಲ್ದಾಣದ ಅಧಿಕಾರಿ ಐ-94ನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ನಿಲ್ಲಿಸಬಹುದು. ಅಪ್ಪ ಅಮ್ಮನಿಗೆ 2028ರ ಸೆಪ್ಟೆಂಬರ್ ಇದ್ದು, ಮಗಳಿಗೆ 2027ರ ಮಾರ್ಚ್ ಬಂದಿರುತ್ತದೆ. ಅಪ್ಪ ಅಮ್ಮ ತಮ್ಮದನ್ನಷ್ಟೇ ನೋಡಿ ಸುಮ್ಮನಾಗುತ್ತಾರೆ. ಭಾರತದ ಪಾಸ್‌ಪೋರ್ಟ್ ಅರ್ಜಿ ಪಡೆಯುವ ವಿಎಫ್‌ಎಸ್ ಕಂಪನಿಯ ಮೂಲಕ ಮಗುವಿನ ಪಾಸ್‌ಪೋರ್ಟ್ ಸಮಯಕ್ಕೆ ಸರಿಯಾಗಿ ಹೊಸದು ಮಾಡಿಸಿ, ಕೆಲಸ ಮುಗಿಯಿತು ಎಂದುಕೊಂಡವರೂ ಇದ್ದಾರೆ. ಹೊಸ ಪಾಸ್‌ಪೋರ್ಟ್ ಬಂದರೂ ಐ-94 ಒಂದು ದಿನವೂ ಮುಂದೆ ಹೋಗುವುದಿಲ್ಲ. ಆ ತಾರೀಖಿಗೆ ಮೊದಲು ಅವಧಿ ವಿಸ್ತರಣೆಯ ಅರ್ಜಿ ಐ-539 ಹಾಕಬೇಕು, ಇಲ್ಲವೇ ಮಗು ಒಮ್ಮೆ ದೇಶ ಬಿಟ್ಟು ಹೊಸ ಪಾಸ್‌ಪೋರ್ಟಿನೊಂದಿಗೆ ಮರಳಿ ಬರಬೇಕು. ಸಿಬಿಪಿಯ ಡಿಫರ್ಡ್ ಇನ್ಸ್‌ಪೆಕ್ಷನ್ ಕಚೇರಿ ಅಧಿಕಾರಿ ಮಾಡಿದ ತಪ್ಪನ್ನಷ್ಟೇ ತಿದ್ದುತ್ತದೆ. ಇದು ಅವರ ಲೆಕ್ಕದಲ್ಲಿ ತಪ್ಪೇ ಅಲ್ಲ.

ಇನ್ನೊಂದು ನಿಯಮ: ಕೊನೆಯದಾಗಿ ಸಿಕ್ಕ ಐ-94 ಯಾವುದೋ ಅದೇ ನಡೆಯುತ್ತದೆ. ವಿಸ್ತರಣೆ ಮಂಜೂರಾದಾಗ ಬರುವ ಐ-797 ಕಾಗದದ ಕೆಳಗೆ 2029 ಎಂದು ಐ-94 ಬಂದಿದ್ದರೂ, ಆಮೇಲೆ ಊರಿಗೆ ಹೋಗಿ ಬಂದಾಗ ಅಧಿಕಾರಿ ಹಳೆಯ ವೀಸಾ ನೋಡಿ 2027 ಕೊಟ್ಟರೆ ಲೆಕ್ಕಕ್ಕೆ ಬರುವುದು 2027. ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೊಡುವಾಗಲೇ ಹೊಸ ಐ-797ನ್ನೂ ಮುಂದಿಡಿ.

ಗಡುವು ಮೀರಿದರೆ ಏನಾಗುತ್ತದೆ? ಇದ್ದ ವೀಸಾ ಅನೂರ್ಜಿತವಾಗುತ್ತದೆ. 180 ದಿನಕ್ಕಿಂತ ಹೆಚ್ಚು ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದು ಹೊರಟರೆ ಹತ್ತು ವರ್ಷ ಮರಳಿ ಬರುವಂತಿಲ್ಲ. ಈ ದಿನಗಳ ಎಣಿಕೆ 18 ತುಂಬದ ಮಕ್ಕಳಿಗೆ ಅನ್ವಯಿಸುವುದಿಲ್ಲ, ಆದರೆ ಅವರ ಸ್ಟೇಟಸ್ (ಇಲ್ಲಿರಲು ಇದ್ದ ಕಾನೂನಿನ ಅನುಮತಿ) ಹೋಗಿರುತ್ತದೆ, ಅದನ್ನು ಸರಿಪಡಿಸುವ ತಲೆಬಿಸಿ ತಪ್ಪಿದ್ದಲ್ಲ.

ಐ-539: ಕಂಪನಿ ಹಾಕುವ ಅರ್ಜಿ ಇದಲ್ಲ

ಕಂಪನಿ ಎಚ್-1ಬಿ ವಿಸ್ತರಣೆಗೆ ಹಾಕುವುದು ಐ-129. ಸಂಗಾತಿ ಮಕ್ಕಳದು ಐ-539. ಒಬ್ಬರು ಮುಖ್ಯ ಅರ್ಜಿದಾರರಾಗಿ, ಉಳಿದ ಪ್ರತಿಯೊಬ್ಬರಿಗೂ ಒಂದೊಂದು ಐ-539ಎ ಸೇರಿಸುತ್ತಾರೆ. 14 ತುಂಬದ ಮಕ್ಕಳ ಪರವಾಗಿ ತಂದೆ ಅಥವಾ ತಾಯಿ ಸಹಿ ಹಾಕಬಹುದು, ದೊಡ್ಡ ಮಕ್ಕಳು ತಾವೇ ಹಾಕಬೇಕು. 2024ರ ಏಪ್ರಿಲ್ 1ರ ದರಪಟ್ಟಿಯಂತೆ ಕಾಗದದ ಅರ್ಜಿಗೆ 470 ಡಾಲರ್, ಆನ್‌ಲೈನಿಗೆ 420. ಬೆರಳಚ್ಚಿನ ಪ್ರತ್ಯೇಕ 85 ಡಾಲರ್ ಶುಲ್ಕ 2023ರ ಅಕ್ಟೋಬರಿನಲ್ಲೇ ಹೋಯಿತು. ಕಾಗದದ ಅರ್ಜಿಗೆ ಚೆಕ್ ಇಟ್ಟು ಕಳಿಸುವ ಕಾಲವೂ ಮುಗಿದಿದೆ. 2025ರ ಅಕ್ಟೋಬರ್ 28ರ ನಂತರ ಕಾರ್ಡಿನಿಂದ ಕಟ್ಟಲು ಜಿ-1450, ಬ್ಯಾಂಕ್ ಖಾತೆಯಿಂದ ಕಟ್ಟಲು ಜಿ-1650 ಫಾರಂ ಇಡಬೇಕು.

ಜೊತೆಗೆ ಇಡಬೇಕಾದವು: ಎಲ್ಲರ ಪಾಸ್‌ಪೋರ್ಟ್ ಮತ್ತು ಐ-94 ಪ್ರತಿ, ಮದುವೆ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಎಚ್-1ಬಿಯ ಐ-797 ಅಥವಾ ರಸೀದಿ, ಇತ್ತೀಚಿನ ಸಂಬಳದ ಚೀಟಿಗಳು. ಐ-94 ಮುಗಿಯುವುದರೊಳಗೆ ಅರ್ಜಿ ವಲಸೆ ಇಲಾಖೆ ಯುಎಸ್‌ಸಿಐಎಸ್ ಕೈ ಸೇರಿರಬೇಕು. ಅಂಚೆಗೆ ಹಾಕಿದ ದಿನ ಲೆಕ್ಕಕ್ಕಿಲ್ಲ. ಹಳೆಯ ಆವೃತ್ತಿಯ ಫಾರಂ, ಬಿಟ್ಟುಹೋದ ಸಹಿ, ತಪ್ಪು ಶುಲ್ಕ, ಇವು ಮೂರರಲ್ಲಿ ಒಂದಿದ್ದರೂ ಇಡೀ ಕಟ್ಟು ವಾಪಸ್ ಬರುತ್ತದೆ, ಹಾಕಿದ ತಾರೀಖೂ ಕೈತಪ್ಪುತ್ತದೆ. ಹಾಗಾಗಿ ಕೊನೆಯ ವಾರಕ್ಕೆ ಇಟ್ಟುಕೊಳ್ಳಲೇಬೇಡಿ.

ಎಚ್-1ಬಿಗೆ ಪ್ರೀಮಿಯಂ ಹಣ ಕಟ್ಟಿದರೆ 15 ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ. ಎಚ್-4ರ ಐ-539ಕ್ಕೆ ಆ ಸೌಲಭ್ಯ ಇಲ್ಲ. 2023ರ ಜನವರಿಯಿಂದ ಎರಡು ವರ್ಷ, ಕೋರ್ಟ್ ಒಪ್ಪಂದದ ಕಾರಣ, ಜೊತೆಯಾಗಿ ಹಾಕಿದರೆ ಜೊತೆಯಾಗಿಯೇ ತೀರ್ಮಾನಿಸುತ್ತಿದ್ದರು. ಆ ಒಪ್ಪಂದದ ಅವಧಿ ಮುಗಿದಿದೆ. ಹಳಬರು "ಎಲ್ಲಾ ಒಟ್ಟಿಗೇ ಬರುತ್ತೆ ಬಿಡಿ" ಎಂದರೆ ಅವರ ಅನುಭವ ಆ ಎರಡು ವರ್ಷದ್ದಿರಬಹುದು. ಬೇರೆ ವರ್ಗದಿಂದ ಎಚ್-4ಕ್ಕೆ ಬದಲಾವಣೆ ಕೋರಿ ಅರ್ಜಿ ಹಾಕಿದವರು ಉತ್ತರ ಬರುವ ಮೊದಲೇ ದೇಶ ಬಿಟ್ಟರೆ ಆ ಕೋರಿಕೆಯನ್ನು ಕೈಬಿಟ್ಟಂತೆ ಎಣಿಸುತ್ತಾರೆ.

ನಮ್ಮ ಹೆಸರುಗಳ ಪಾಡು

ಇನಿಷಿಯಲ್, ಊರ ಹೆಸರು, ತಂದೆ ಹೆಸರು ಇಟ್ಟುಕೊಳ್ಳುವ ನಮ್ಮವರಿಗೆ ಇದು ವಿಶೇಷ ಕಾಟ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದು ಇಡೀ ಹೆಸರು ಗಿವನ್ ನೇಮ್ ಸಾಲಿನಲ್ಲಿದ್ದರೆ, ಅಮೆರಿಕದ ವೀಸಾದಲ್ಲಿ ಅದೆಲ್ಲ ಸರ್‌ನೇಮ್ ಆಗಿ, ಗಿವನ್ ನೇಮ್ ಇರಬೇಕಾದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. ಅಲ್ಲಿಂದ ಅದು ಐ-94, ಸೋಶಿಯಲ್ ಸೆಕ್ಯುರಿಟಿ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಶಾಲೆಯ ದಾಖಲೆ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ವೀಸಾ ಅರ್ಜಿ ಹಾಕುವ ಮೊದಲೇ ಹೆಸರನ್ನು ಎರಡು ಸಾಲಿಗೆ ಹಂಚಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಳ್ಳುವುದು ಅತ್ಯುತ್ತಮ. ಈಗಾಗಲೇ ಬಂದಾಗಿದ್ದರೆ ಮುಂದಿನ ಸಲ ವೀಸಾ ಸ್ಟ್ಯಾಂಪಿಂಗ್ ಮಾಡಿಸುವ (ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸುವ) ಮೊದಲು ಮಾಡಿಸಿ.

ಮದುವೆ ಪ್ರಮಾಣಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯದೇ ಆಗಿರಲಿ. ದೇವಸ್ಥಾನದ ಚೀಟಿ, ಕಲ್ಯಾಣಮಂಟಪದ ರಸೀದಿ, ಲಗ್ನಪತ್ರಿಕೆ ಗ್ರೀನ್ ಕಾರ್ಡಿನ ಹಂತದಲ್ಲಿ ಅದರ ಜಾಗಕ್ಕೆ ನಿಲ್ಲುವುದಿಲ್ಲ. ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಪಾಸ್‌ಪೋರ್ಟಿನ ಕಾಗುಣಿತದಂತೆ ಇರಬೇಕು. ಹಳೆಯ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಕಾಲಂ ಖಾಲಿ ಇರುವುದು ಬಹಳ. ಊರಿಗೆ ಹೋದಾಗ ಸೇರಿಸಿಕೊಂಡು ಬನ್ನಿ. ದಾಖಲೆಯೇ ಸಿಗದಿದ್ದರೆ ಜನನ ನೋಂದಣಾಧಿಕಾರಿಯಿಂದ 'ಅಲಭ್ಯ ಪ್ರಮಾಣಪತ್ರ', ಜೊತೆಗೆ ಹುಟ್ಟನ್ನು ಬಲ್ಲ ಇಬ್ಬರು ಹಿರಿಯರ ಅಫಿಡವಿಟ್ ಬೇಕಾಗುತ್ತದೆ.

ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ಇಂಗ್ಲಿಷ್ ಅನುವಾದ ಕಡ್ಡಾಯ. ನೋಟರಿ ಬೇಕಿಲ್ಲ. ಅನುವಾದಕರು "ನಾನು ಎರಡೂ ಭಾಷೆ ಬಲ್ಲೆ, ಈ ಅನುವಾದ ಪೂರ್ಣ ಮತ್ತು ನಿಖರ" ಎಂದು ಇಂಗ್ಲಿಷಿನಲ್ಲಿ ಬರೆದು ಹೆಸರು, ವಿಳಾಸ, ತಾರೀಖು, ಸಹಿ ಹಾಕಿದರೆ ಸಾಕು. ದುಂಡು ಮೊಹರಿನೊಳಗಿನ ಅಕ್ಷರ, ಬದಿಯಲ್ಲಿ ಗೀಚಿದ ಷರಾ ಕೂಡ ಅನುವಾದವಾಗಬೇಕು. ಜನ ಬಿಡುವುದೇ ಅದನ್ನು.

ಕೆಲಸ, ನಂಬರು, ಲೈಸೆನ್ಸ್

ಎಚ್-4ರಲ್ಲಿ ಓದಬಹುದು, ಇಎಡಿ ಕಾರ್ಡ್ (ಕೆಲಸದ ಪರವಾನಗಿ) ಇಲ್ಲದೆ ದುಡಿಯುವಂತಿಲ್ಲ. ಮನೆಯಲ್ಲಿ ಫೀಸು ತೆಗೆದುಕೊಂಡು ಸಂಗೀತ, ಭರತನಾಟ್ಯ ಹೇಳಿಕೊಡುವುದು, ಊಟದ ಡಬ್ಬಿ ಮಾರುವುದು, ಬೇರೆಯವರ ಮಗು ನೋಡಿಕೊಂಡು ಹಣ ಪಡೆಯುವುದು ಎಲ್ಲವೂ ದುಡಿಮೆಯೇ. ಊರಿನ ಕಂಪನಿಗೆ ಇಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಬಹುದೇ ಎಂದು ಕೇಳುವವರಿಗೆ ನಮ್ಮ ಮಾತು: ವಕೀಲರನ್ನು ಕೇಳದೆ ಕೈಹಾಕಬೇಡಿ.

ಇಎಡಿ 2015ರ ಮೇ 26ರಿಂದ ಇದೆ, ಎಲ್ಲರಿಗೂ ಅಲ್ಲ. ಎಚ್-1ಬಿ ಸಂಗಾತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿರಬೇಕು, ಅಥವಾ ಗ್ರೀನ್ ಕಾರ್ಡ್ ಪ್ರಕ್ರಿಯೆಯ ಆಧಾರದಲ್ಲಿ, ಸಾಮಾನ್ಯ ಮಿತಿಯಾದ ಆರು ವರ್ಷ ಮೀರಿ ಎಚ್-1ಬಿ ವಿಸ್ತರಣೆ ಸಿಕ್ಕಿರಬೇಕು. ಫಾರಂ ಐ-765, ವರ್ಗ ಸಿ-26. ಕಾರ್ಡಿನ ಅವಧಿ ಎಚ್-4ರ ಅವಧಿಯನ್ನು ದಾಟುವುದಿಲ್ಲ. ಎಚ್-1ಬಿ ಆಗದೆ ಎಚ್-4 ಇಲ್ಲ, ಎಚ್-4 ಆಗದೆ ಕಾರ್ಡ್ ಇಲ್ಲ. ಮೊದಲೆಲ್ಲ ನವೀಕರಣದ ಅರ್ಜಿ ಹಾಕಿದರೆ ಹಳೆಯ ಕಾರ್ಡ್ ಒಂದಷ್ಟು ಕಾಲ ತಾನಾಗಿ ನಡೆಯುತ್ತಿತ್ತು. 2025ರ ಅಕ್ಟೋಬರ್ 30 ಮತ್ತು ಆಮೇಲೆ ಹಾಕಿದ ಅರ್ಜಿಗಳಿಗೆ ಆ ಅನುಕೂಲ ಇಲ್ಲ. ಕಾರ್ಡ್ ಮುಗಿದ ದಿನಕ್ಕೇ ಕೆಲಸ ನಿಲ್ಲಬೇಕು. 180 ದಿನ ಮೊದಲೇ ಹಾಕಲು ಅವಕಾಶವಿದೆ, ಆ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಎಲ್-2ರಲ್ಲಿ (ಕಂಪನಿ ತನ್ನ ಅಮೆರಿಕದ ಕಚೇರಿಗೆ ವರ್ಗ ಮಾಡಿದವರ ಕುಟುಂಬದ ವೀಸಾ) ಬಂದ ಸಂಗಾತಿಗೆ ಈ ಪಾಡಿಲ್ಲ: ಐ-94ರಲ್ಲಿ 'ಎಲ್-2ಎಸ್' ಎಂದಿದ್ದರೆ ಅದೇ ಕೆಲಸದ ಪರವಾನಗಿ. 'ಎಸ್' ಬಿಟ್ಟುಹೋಗಿದ್ದರೆ ಡಿಫರ್ಡ್ ಇನ್ಸ್‌ಪೆಕ್ಷನ್ ಕಚೇರಿಯಲ್ಲಿ ತಿದ್ದಿಸಿ.

ಇಎಡಿ ಇಲ್ಲದವರಿಗೆ ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರು) ಸಿಗುವುದಿಲ್ಲ. ತೆರಿಗೆಗೆ ಐಟಿಐಎನ್ ಎಂಬ ಬೇರೆ ನಂಬರು ಮಾಡಿಸಬೇಕು, ಅದಕ್ಕೆ ಡಬ್ಲ್ಯು-7 ಫಾರಂ, ತೆರಿಗೆ ರಿಟರ್ನಿನ ಜೊತೆಗೇ ಹೋಗುತ್ತದೆ. ಮೂಲ ಪಾಸ್‌ಪೋರ್ಟನ್ನು ಅಂಚೆಯಲ್ಲಿ ಕಳಿಸುವ ಸಾಹಸ ಬೇಡ. ತೆರಿಗೆ ಇಲಾಖೆ ಐಆರ್‌ಎಸ್‌ನ ಟ್ಯಾಕ್ಸ್‌ಪೇಯರ್ ಅಸಿಸ್ಟೆನ್ಸ್ ಸೆಂಟರಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋದರೆ ಅಲ್ಲೇ ನೋಡಿ ಕೈಗೆ ಕೊಡುತ್ತಾರೆ. ಮಗುವಿಗಾದರೆ ಪಾಸ್‌ಪೋರ್ಟಿನಲ್ಲಿ ಅಮೆರಿಕಕ್ಕೆ ಬಂದ ತಾರೀಖಿನ ಮುದ್ರೆ ಕೇಳುತ್ತಾರೆ. ಈಗ ಎಷ್ಟೋ ಕಡೆ ಮುದ್ರೆ ಒತ್ತುವುದೇ ಇಲ್ಲ, ಹಾಗಾಗಿ ಇಳಿದಾಗ ಕೇಳಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಆರು ವರ್ಷದೊಳಗಿನವರಿಗೆ ಇಲ್ಲಿನ ವೈದ್ಯಕೀಯ ದಾಖಲೆ, ದೊಡ್ಡ ಮಕ್ಕಳಿಗೆ ಶಾಲೆಯ ದಾಖಲೆ ಇಡಬೇಕಾಗುತ್ತದೆ.

ಡ್ರೈವಿಂಗ್ ಲೈಸೆನ್ಸಿಗೆ ಅನೇಕ ರಾಜ್ಯಗಳು "ಎಸ್‌ಎಸ್‌ಎನ್‌ಗೆ ಅರ್ಹತೆ ಇಲ್ಲ" ಎಂಬ ಪತ್ರ ಕೇಳುತ್ತವೆ. ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟರೆ ಆ ಪತ್ರ ಕೊಡುತ್ತಾರೆ. ಲೈಸೆನ್ಸಿನ ಅವಧಿ ಸಾಮಾನ್ಯವಾಗಿ ಐ-94 ಮುಗಿಯುವ ದಿನಕ್ಕೇ ನಿಲ್ಲುತ್ತದೆ. ಐ-539 ಬಾಕಿ ಇರುವಾಗ ರಸೀದಿ ನೋಡಿ ಎಷ್ಟು ದಿನ ಮುಂದುವರಿಸುತ್ತಾರೆ ಎಂಬುದು ರಾಜ್ಯಕ್ಕೊಂದು ಥರ.

ಕೆಲಸ ಹೋದರೆ, ಮನೆಯೊಳಗೇ ತೊಂದರೆಯಾದರೆ

ಎಚ್-1ಬಿ ಕೆಲಸ ಹೋದರೆ ಇಡೀ ಕುಟುಂಬಕ್ಕೆ ಹೆಚ್ಚೆಂದರೆ 60 ದಿನ. ಐ-94 ಅದಕ್ಕೂ ಮೊದಲು ಮುಗಿದರೆ ಅಷ್ಟೇ ದಿನ. ಎಣಿಕೆ ಸಾಮಾನ್ಯವಾಗಿ ಸಂಬಳ ಸಲ್ಲುವ ಕೊನೆಯ ದಿನ ಮುಗಿದ ಮೇಲೆ ಶುರು. ಕೆಲಸದಿಂದ ತೆಗೆಯುವಾಗ ಕೊಡುವ ಸೆವರೆನ್ಸ್ ಹಣ ಬಂದಿತೆಂದು ದಿನ ಹೆಚ್ಚುವುದಿಲ್ಲ. ಅಷ್ಟರೊಳಗೆ ಹೊಸ ಕಂಪನಿ ಎಚ್-1ಬಿ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಐ-539 ಮೂಲಕ ಪ್ರವಾಸಿ ವರ್ಗ ಬಿ-2ಗೆ ಬದಲಾವಣೆ ಕೋರಬಹುದು, ಅದರಲ್ಲಿ ಮಕ್ಕಳ ಹೆಸರನ್ನು ಮರೆಯಬೇಡಿ. ಸಂಗಾತಿಗೂ ಸ್ವಂತ ಎಚ್-1ಬಿ ಇದ್ದರೆ ಕೆಲಸ ಹೋದವರು ಎಚ್-4 ಆಗುವುದು ಎಲ್ಲಕ್ಕಿಂತ ಸಲೀಸು. ಎಚ್-4ರಲ್ಲಿ ಕಳೆದ ಕಾಲ ಎಚ್-1ಬಿಯ ಆರು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ.

"ನಿನ್ನ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸ್ತೀನಿ" ಎಂಬ ಬೆದರಿಕೆಗೆ ಹೆದರಿ ಹೊಡೆತ ತಿನ್ನುವವರಿದ್ದಾರೆ. ಎಚ್-1ಬಿ ನಡೆಯುತ್ತಿದ್ದು ಐ-94 ಅವಧಿ ಇರುವಾಗ, ವಿಚ್ಛೇದನ ಕೋರ್ಟಿನಲ್ಲಿ ಅಂತಿಮವಾಗುವವರೆಗೆ ಎಚ್-4 ಸ್ಟೇಟಸ್ ಇರುತ್ತದೆ. ದೌರ್ಜನ್ಯಕ್ಕೊಳಗಾದ ಎಚ್-4 ಸಂಗಾತಿ ಐ-765ವಿ ಫಾರಂ ಮೂಲಕ ತಾನೇ ಕೆಲಸದ ಪರವಾನಗಿ ಕೇಳಬಹುದು. ಅಪರಾಧಕ್ಕೆ ಬಲಿಯಾಗಿ ಪೊಲೀಸ್ ತನಿಖೆಗೆ ನೆರವಾದವರಿಗೆ ಯು ವೀಸಾದ ದಾರಿಯೂ ಇದೆ. ಅಪಾಯವಿದ್ದರೆ 911, ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 1-800-799-7233. ನ್ಯೂಜೆರ್ಸಿಯ ಮಾನವಿ, ನ್ಯೂಯಾರ್ಕಿನ ಸಖಿ, ಬೇ ಏರಿಯಾದ ಮೈತ್ರಿ, ಶಿಕಾಗೋದ ಅಪ್ನಾ ಘರ್ ದಕ್ಷಿಣ ಏಷ್ಯಾದ ಮನೆಗಳ ಒಳಸುಳಿ ಬಲ್ಲ ಸಂಸ್ಥೆಗಳು. ಮನೆ ಎಷ್ಟೇ ಚೆನ್ನಾಗಿರಲಿ, ಪ್ರತಿಯೊಬ್ಬ ವಯಸ್ಕರ ಪಾಸ್‌ಪೋರ್ಟ್ ಅವರವರ ಕೈಯಲ್ಲಿರಲಿ, ಗಂಡನ ಅಥವಾ ಹೆಂಡತಿಯ ಐ-797ರ ಪ್ರತಿಯೊಂದು ತಮ್ಮ ಇಮೇಲಿನಲ್ಲಿರಲಿ.

ಮಕ್ಕಳ 14 ಮತ್ತು 21

ಇಲ್ಲಿರುವಾಗ ಮಗುವಿಗೆ 14 ತುಂಬಿದರೆ 30 ದಿನದೊಳಗೆ ಜಿ-325ಆರ್ ಮೂಲಕ ಮರುನೋಂದಣಿ ಮಾಡಿಸಿ ಬೆರಳಚ್ಚು ಕೊಡಬೇಕು. 18 ತುಂಬಿದವರು ಐ-94 ಪ್ರತಿಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕು. ಮನೆ ಬದಲಿಸಿದರೆ 10 ದಿನದೊಳಗೆ ವಿಳಾಸ ಬದಲಾವಣೆಯ ಎಆರ್-11 ಫಾರಂ, ಮತ್ತೆ ತಲೆಗೊಂದು. ಅಂಚೆ ಕಚೇರಿಯಲ್ಲಿ ವಿಳಾಸ ಬದಲಿಸಿದ್ದೀವಲ್ಲ ಎಂದರೆ ಸಾಲದು.

21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ಅಷ್ಟರೊಳಗೆ ಕರಗದಿದ್ದರೆ ಮೊದಲೇ ವಿದ್ಯಾರ್ಥಿ ವರ್ಗ ಎಫ್-1ಗೆ ಬದಲಾಗಬೇಕು. ಗ್ರೀನ್ ಕಾರ್ಡಿನ ಮಟ್ಟಿಗೆ ಮಕ್ಕಳ ವಯಸ್ಸಿನ ಲೆಕ್ಕ ಹೇಳುವ ಸಿಎಸ್‌ಪಿಎ ಕಾನೂನು ಒಂದಿಷ್ಟು ಆಸರೆ ಕೊಡುತ್ತದೆ: ವೀಸಾ ಸರದಿ ಬಂದ ದಿನದ ವಯಸ್ಸಿನಿಂದ ಐ-140 ಬಾಕಿಯಿದ್ದ ಕಾಲವನ್ನು ಕಳೆಯುತ್ತಾರೆ. ವಯಸ್ಸು 21 ವರ್ಷ 4 ತಿಂಗಳು, ಐ-140 ಬಾಕಿಯಿದ್ದದ್ದು 8 ತಿಂಗಳು ಎಂದರೆ ಲೆಕ್ಕದಲ್ಲಿ 20 ವರ್ಷ 8 ತಿಂಗಳು, ಮಗು ಪಾರು. ಐ-140ಕ್ಕೆ ಪ್ರೀಮಿಯಂ ಕಟ್ಟಿ ಹದಿನೈದು ದಿನದಲ್ಲಿ ಮುಗಿಸಿಕೊಂಡವರಿಗೆ ಕಳೆಯಲು ಸಿಗುವುದೂ ಅಷ್ಟೇ ದಿನ, ಇದೊಂದು ವಿಪರ್ಯಾಸ. ಸರದಿ ಬಂದ ಒಂದು ವರ್ಷದೊಳಗೆ ಗ್ರೀನ್ ಕಾರ್ಡಿನ ಹೆಜ್ಜೆ ಇಡಬೇಕು. 2025ರ ಆಗಸ್ಟ್ 15ರಿಂದ ಈ ಲೆಕ್ಕಕ್ಕೆ ತಿಂಗಳಿಗೊಮ್ಮೆ ಸರದಿಯ ತಾರೀಖು ಹೇಳುವ ವೀಸಾ ಬುಲೆಟಿನ್ನಿನ ಫೈನಲ್ ಆ್ಯಕ್ಷನ್ ಪಟ್ಟಿಯನ್ನೇ ನೋಡುತ್ತಾರೆ.

ಕರಾವಳಿಯ ಮನೆಗಳವರು ಇದೊಂದನ್ನು ತಪ್ಪದೆ ವಕೀಲರ ಬಳಿ ಕೇಳಿ. ಸಾಲು ನಿರ್ಧಾರವಾಗುವುದು ಪೌರತ್ವದಿಂದ ಅಲ್ಲ, ಹುಟ್ಟಿದ ದೇಶದಿಂದ. ಗಂಡ ಹೆಂಡತಿಯಲ್ಲಿ ಒಬ್ಬರು ಕುವೈತ್‌ನಲ್ಲೋ ಮಸ್ಕತ್‌ನಲ್ಲೋ ದುಬೈಯಲ್ಲೋ ಹುಟ್ಟಿದ್ದರೆ, ಭಾರತದ ಪಾಸ್‌ಪೋರ್ಟ್ ಇದ್ದರೂ ಇಬ್ಬರೂ ಆ ದೇಶದ ಸಾಲಿನಲ್ಲಿ ನಿಲ್ಲಬಹುದು. ಎಚ್-4ರಲ್ಲಿರುವವರು ಹುಟ್ಟಿದ ಊರನ್ನು ಕಂಪನಿಯ ವಕೀಲರು ಕೇಳುವ ಗೊಡವೆಗೇ ಹೋಗದಿರಬಹುದು, ನೀವಾಗಿ ಹೇಳಿ. ಮಗು ಹುಟ್ಟಿದ ದೇಶ ಮಾತ್ರ ಅಪ್ಪ ಅಮ್ಮನಿಗೆ ಉಪಯೋಗಕ್ಕೆ ಬರುವುದಿಲ್ಲ.