ಸತ್ತ ಮೇಲೆ ಉಯಿಲು ಬರೆದ ಬಟ್ಟೆ ವ್ಯಾಪಾರಿ

ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ಒಬ್ಬ ಉಣ್ಣೆ ಬಟ್ಟೆ ವ್ಯಾಪಾರಿಯ ವಂಶ ಹುಡುಕಲು ಹೋಗಿ ಮೂರು ವಾರ ಒದ್ದಾಡಿದೆ. ಮೊದಲು ಉಯಿಲೇ ಸಿಗಲಿಲ್ಲ. ನಾನು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಕ್ಯಾಂಟರ್ಬರಿ ಚರ್ಚ್ ಕೋರ್ಟಿನ ಉಯಿಲುಗಳನ್ನು ಸುಮ್ನೆ ತಡಕಾಡುತ್ತಿದ್ದೆ. 1858ಕ್ಕೆ ಮುಂಚೆ ಉಯಿಲುಗಳನ್ನು ನೋಡಿಕೊಳ್ಳುತ್ತಿದ್ದದ್ದು ಚರ್ಚಿನ ಕೋರ್ಟುಗಳು. ಲೀಡ್ಸ್‌ನಂಥ ಉತ್ತರದ ಊರಿನವರದ್ದು ಜಾಸ್ತಿ ಯಾರ್ಕ್‌ನ ಚರ್ಚ್ ಕೋರ್ಟಿಗೆ ಹೋಗುತ್ತಿತ್ತು. ಹಳೆಯ ದಾಖಲೆಗಳನ್ನು ಇಟ್ಟಿರುವ ಯಾರ್ಕ್‌ನ ಬೋರ್ಥ್‌ವಿಕ್ ಸಂಸ್ಥೆಯ ಪಟ್ಟಿ ನೋಡಿದೆ, ಸಿಕ್ಕಿಬಿಟ್ಟ.

ಆದರೆ ಉಯಿಲಿನ ತಾರೀಕು ನವೆಂಬರ್ 1698. ಚರ್ಚಿನ ಪುಸ್ತಕದಲ್ಲಿ ಅವನನ್ನು ಹೂಳಿದ್ದು ಜನವರಿ 1698! ಸತ್ತವನು ಉಯಿಲು ಬರೆಯುತ್ತಾನಾ? ಒಂದೇ ಹೆಸರಿನ ಇಬ್ಬರು ಇರಬೇಕು ಅಂದುಕೊಂಡು ಎರಡು ದಿನ ಹಾಳು ಮಾಡಿದೆ. ಆಮೇಲೆ ಹೊಳೆಯಿತು. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂದರೆ ಅವರ ಜನವರಿ 1698 ನಮ್ಮ ಲೆಕ್ಕದಲ್ಲಿ 1699. ನಮ್ಮ ಯುಗಾದಿಯೂ ಮಾರ್ಚ್‌–ಏಪ್ರಿಲ್‌ನಲ್ಲೇ ಬರುತ್ತದೆ, ನನಗೆ ಮೊದಲೇ ತಲೆಗೆ ಹೋಗಬೇಕಿತ್ತು ಅಲ್ವಾ?

ಇನ್ನೊಂದು ಗಂಟು ಉಳಿದಿತ್ತು. ಉಯಿಲಿನಲ್ಲಿ ಒಬ್ಬ 'ಸನ್ ಇನ್ ಲಾ' ಇದ್ದ, ಆದರೆ ಯಾವ ಮಗಳಿಗೂ ಮದುವೆಯಾಗಿರಲಿಲ್ಲ. ಆ ಕಾಲದಲ್ಲಿ ಆ ಮಾತಿಗೆ ಅಳಿಯ ಅಂತಲೇ ಅಲ್ಲ, ಮಲಮಗ ಅಂತಲೂ ಅರ್ಥ. ವ್ಯಾಪಾರಿಯ ವಿಧವೆಯ ಉಯಿಲು ತೆಗೆಸಿದೆ. ಅದರಲ್ಲಿ ಅದೇ ಹುಡುಗನನ್ನು ಅವಳು 'ನನ್ನ ಮಗ' ಎಂದೇ ಬರೆಸಿದ್ದಳು, ಮೊದಲ ಗಂಡನ ಮನೆತನದ ಹೆಸರಿನ ಜೊತೆ.